ಹೆಸರು ಅಳಿಸಿ ಎಕ್ಸೆಲ್ ಕಳಿಸಿದರೆ ಸಾಕೆ? ರೋಗಿಗಳ ಡೇಟಾವನ್ನು ಸಂಶೋಧಕರಿಗೆ ಕೊಡುವ ಬಗ್ಗೆ

ಕೊಪ್ಪ_ಸೀಮೆ
ಮಲೆನಾಡು ಭಾಗದ ಜ್ವರ ಪ್ರಕರಣಗಳ ರಿಜಿಸ್ಟರ್ ಒಂದನ್ನು ಕಂಪ್ಯೂಟರಿಗೆ ಏರಿಸಿ ಆಗಿದೆ. ಮಂಗನ ಕಾಯಿಲೆ, ಇಲಿಜ್ವರ, ಡೆಂಗಿ ಮೂರೂ ಇವೆ. ಕಾಲಂಗಳು: ಹೆಸರು, ಮೊಬೈಲ್, ವಯಸ್ಸು, ಲಿಂಗ, ಊರು, ಮನೆಯ ಜಿಪಿಎಸ್, ಕೆಲಸ, ಜ್ವರ ಶುರುವಾದ ದಿನ, ಲ್ಯಾಬ್ ಫಲಿತಾಂಶ, ಷರಾ. ಪಿಎಚ್‌ಡಿ ಮಾಡುವವರು ಕೇಳುತ್ತಿದ್ದಾರೆ. ಹೆಸರು, ಮೊಬೈಲ್ ಎರಡು ಕಾಲಂ ಅಳಿಸಿ ಮೇಲ್ ಮಾಡಿದರೆ ಸಾಕೆ? ಸಾಲದು ಅಂದರೆ ಏನೇನು ಬೇಕು? ದೊಡ್ಡ ಬಜೆಟ್ ಇಲ್ಲ. ಒಂದು ಕೋಣೆ, ಒಂದು ಗಟ್ಟಿ ಕಂಪ್ಯೂಟರ್, ಅರ್ಧ ದಿನ ಬರುವ ಐಟಿ ಹುಡುಗ, ಇಷ್ಟೇ.

ಹೇಮಾವತಿ_ದಡ
ಸಾಲದು. ಲೆಕ್ಕ ಹಾಕಿ ನೋಡಿ. 400 ಜನರ ಊರು ಅಂದುಕೊಳ್ಳಿ. ಹೆಂಗಸರು 200. ವಯಸ್ಸು 0ಯಿಂದ 80ರವರೆಗೆ ಹರಡಿಕೊಂಡಿದ್ದರೆ ಒಂದೊಂದು ವಯಸ್ಸಿಗೆ ಎರಡೋ ಮೂರೋ ಜನ. ಅದರ ಮೇಲೆ ‘ಜನವರಿಯಲ್ಲಿ ಜ್ವರ, ತೋಟದ ಕೆಲಸ’ ಅಂತ ಸೇರಿದರೆ ಉಳಿಯುವುದು ಒಬ್ಬರೇ. ಊರವರಿಗೆ ಅವರು ಯಾರು ಅಂತ ಗೊತ್ತು.

ಹೊರಗಿನವರಿಗೂ ಕಷ್ಟವಿಲ್ಲ. ಮತದಾರರ ಪಟ್ಟಿ ಬೂತ್‌ವಾರು ಸಿಗುತ್ತದೆ. ಅದರಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ ಎಲ್ಲ ಇವೆ. ನಿಮ್ಮ ‘ಅನಾಮಧೇಯ’ ಫೈಲನ್ನು ಪಕ್ಕಕ್ಕಿಟ್ಟು ಜೋಡಿಸಿದರೆ ಮುಗಿಯಿತು. ಅಮೆರಿಕದಲ್ಲಿ ಲತಾನ್ಯಾ ಸ್ವೀನಿ 1990ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದರು. ಮ್ಯಾಸಚೂಸೆಟ್ಸ್ ಗವರ್ನರ್ ವಿಲಿಯಂ ವೆಲ್ಡ್ ಅವರ ಆಸ್ಪತ್ರೆ ದಾಖಲೆಯನ್ನು ಮತದಾರರ ಪಟ್ಟಿಯ ಜೊತೆ ತಾಳೆ ಹಾಕಿ ಹೊರತೆಗೆದರು. ಹುಟ್ಟಿದ ದಿನ, ಲಿಂಗ, ಐದಂಕಿಯ ಪಿನ್‌ಕೋಡ್ ಇಷ್ಟರಿಂದಲೇ ಅಲ್ಲಿನ 87% ಜನರನ್ನು ಗುರುತಿಸಬಹುದು ಅಂತಲೂ 1990ರ ಜನಗಣತಿ ಆಧರಿಸಿ ಅಂದಾಜಿಸಿದರು.

ಬಯಲುಸೀಮೆ_ಬಿಟ್
ಮೊಬೈಲ್ ನಂಬರನ್ನು ಅಳಿಸುವ ಬದಲು ಹ್ಯಾಶ್ ಮಾಡಿದರೆ, ಅಂದರೆ ಸೂತ್ರ ಹಾಕಿ ಗುರುತು ಸಿಗದ ಅಕ್ಷರಮಾಲೆಯಾಗಿ ಬದಲಿಸಿದರೆ? ಒಬ್ಬ ರೋಗಿ ಎರಡು ಸಲ ಬಂದಿದ್ದರೆ ಜೋಡಿಸಲು ಬೇಕಾಗುತ್ತಲ್ಲ.

ಸರ್ವರ್_ರೂಂ
ಬರಿ ಹ್ಯಾಶ್ ಮಾಡಬೇಡಿ. ನಮ್ಮ ಮೊಬೈಲ್ ನಂಬರು ಹತ್ತಂಕಿ, ಶುರುವಾಗುವುದು 6, 7, 8, 9ರಿಂದ. ಒಟ್ಟು ಸಾಧ್ಯತೆ 400 ಕೋಟಿ. ದೊಡ್ಡ ಸಂಖ್ಯೆಯಂತೆ ಕಾಣುತ್ತದೆ, ಆದರೆ ಗೇಮ್ ಆಡುವ ಗ್ರಾಫಿಕ್ಸ್ ಕಾರ್ಡಿಗೆ ಅಷ್ಟಕ್ಕೂ ಶಾ-256 ಅನ್ನುವ ಹ್ಯಾಶ್ ಲೆಕ್ಕ ಹಾಕಿ ನಿಮ್ಮ ಫೈಲಿನ ಜೊತೆ ತಾಳೆ ನೋಡಲು ಕೆಲವು ಸೆಕೆಂಡು ಸಾಕು. ಆಧಾರ್ ಆದರೂ ಅಷ್ಟೆ: ಮೊದಲ ಅಂಕಿ 0 ಅಥವಾ 1 ಇರುವುದಿಲ್ಲ, ಕೊನೆಯದು ತಾಳೆ ಅಂಕಿ, ಉಳಿಯುವುದು 8,000 ಕೋಟಿ. ಅದಕ್ಕೆ ಕೆಲವು ನಿಮಿಷ. 2014ರಲ್ಲಿ ನ್ಯೂಯಾರ್ಕ್ ಟ್ಯಾಕ್ಸಿಗಳ 17 ಕೋಟಿಗೂ ಹೆಚ್ಚು ಪ್ರಯಾಣಗಳ ಫೈಲು ಹೊರಬಂದಾಗ ಗಾಡಿ ನಂಬರನ್ನು ಎಂಡಿ5 ಹ್ಯಾಶ್ ಮಾಡಿ ಮುಚ್ಚಿದ್ದರು. ನಂಬರುಗಳ ನಮೂನೆ ಚಿಕ್ಕದಿದ್ದುದರಿಂದ ಎಲ್ಲವೂ ಬಿಚ್ಚಿಕೊಂಡಿತು.

ಮಾಡಬೇಕಾದ್ದು: ಗುಟ್ಟಿನ ಕೀ ಸೇರಿಸಿ ಹ್ಯಾಶ್ ಮಾಡುವ ಎಚ್‌ಮ್ಯಾಕ್ ಕ್ರಮ. ಕೀ 32 ಬೈಟಿನ ರ್‍ಯಾಂಡಮ್ ಸಂಖ್ಯೆ ಆಗಿರಲಿ, ಕಚೇರಿಯ ಹೆಸರು ಇಸವಿ ಸೇರಿಸಿ ಕಟ್ಟಿದ್ದು ಬೇಡ. ಡೇಟಾ ಇರುವ ಯಂತ್ರದಲ್ಲಿ ಆ ಕೀ ಇರಕೂಡದು. ಸಂಶೋಧನಾ ಯೋಜನೆಗೊಂದರಂತೆ ಬೇರೆ ಬೇರೆ ಕೀ ಬಳಸಿದರೆ ಇಬ್ಬರು ಸಂಶೋಧಕರು ತಮ್ಮ ಫೈಲುಗಳನ್ನು ಜೋಡಿಸಿಕೊಳ್ಳಲು ಆಗುವುದಿಲ್ಲ. ಇನ್ನೂ ಸರಳ ದಾರಿ ಅಂದರೆ ಪ್ರತಿ ರೋಗಿಗೂ ಸುಮ್ಮನೆ ಒಂದು ರ್‍ಯಾಂಡಮ್ ನಂಬರು ಕೊಟ್ಟು, ಜೋಡಣೆಯ ಪಟ್ಟಿಯನ್ನು ಬೇರೆ ಬೀರುವಿನಲ್ಲಿ ಇಡುವುದು. ಸಣ್ಣ ರಿಜಿಸ್ಟರಿಗೆ ಅದೇ ವಾಸಿ.

ಚಾರ್ಮಾಡಿ_ತಿರುವು
ಎಲ್ಲರೂ ಫೋನ್ ನಂಬರಿನಲ್ಲೇ ನಿಂತಿದ್ದೀರಿ ಮಾರಾಯ್ರೆ, ಜಿಪಿಎಸ್ ನೋಡಿ. ದಶಮಾಂಶದ ಮೂರನೇ ಸ್ಥಾನಕ್ಕೆ ಇಳಿಸಿದರೆ ಸುಮಾರು 110 ಮೀಟರ್. ಕಡೂರು, ಅರಸೀಕೆರೆ ಕಡೆ ಊರು ಒಟ್ಟಿಗೆ ಇರುತ್ತದೆ, 110 ಮೀಟರಿನಲ್ಲಿ ಇಡೀ ಒಂದು ಕೇರಿ ಸಿಗುತ್ತದೆ. ಕೊಪ್ಪ, ಶೃಂಗೇರಿ, ಕಳಸ ಕಡೆ ಅಡಿಕೆ ತೋಟದ ಮಧ್ಯೆ ಒಂಟಿ ಮನೆ. ಅಲ್ಲಿ 110 ಮೀಟರ್ ಅಂದರೆ ಅದೇ ಮನೆ, ಅದೇ ಅಂಗಳ. ಎರಡನೇ ಸ್ಥಾನಕ್ಕೆ, ಅಂದರೆ 1.1 ಕಿಲೋಮೀಟರಿಗೆ ಇಳಿಸಿದರೂ ಕೆಲವು ಕಡೆ ಎರಡೇ ಮನೆ. ಒಂದೇ ಜಿಲ್ಲೆಗೆ ಒಂದೇ ಅಳತೆ ಹಾಕಲು ಬರುವುದಿಲ್ಲ.

ಡಿಎಚ್‌ಎಸ್ ಅನ್ನುವ, ಹಲವು ದೇಶಗಳ ಜನಸಂಖ್ಯೆ–ಆರೋಗ್ಯ ಸಮೀಕ್ಷೆಗಳಲ್ಲಿ ಬಿಂದುವನ್ನು ಬೇಕೆಂದೇ ಸರಿಸಿರುತ್ತಾರೆ: ಪಟ್ಟಣವಾದರೆ 2 ಕಿಲೋಮೀಟರ್‌ವರೆಗೆ, ಹಳ್ಳಿಯಾದರೆ 5, ನೂರಕ್ಕೊಂದು ಹಳ್ಳಿ ಬಿಂದುವನ್ನು 10ರವರೆಗೆ. ಅಲ್ಲಿ ಸರಿಸುವುದು ಒಂದು ಊರಿನ ಗುಂಪನ್ನು. ನಮ್ಮಲ್ಲಿ ಮನೆ ಬಿಂದುವನ್ನು 5 ಕಿಲೋಮೀಟರ್ ಸರಿಸಿದರೆ ಭದ್ರಾ ಹಿನ್ನೀರಿಗೋ ಮೀಸಲು ಅರಣ್ಯಕ್ಕೋ ಹೋಗಿ ಬೀಳುತ್ತದೆ. ನೀರಿನಲ್ಲಿ ಬಿದ್ದ ಬಿಂದು ಸರಿಸಿದ್ದು ಅಂತ ತಾನೇ ಹೇಳಿಕೊಳ್ಳುತ್ತದೆ. ಕಾಡಿನಂಚಿನಿಂದ ಮನೆ ಎಷ್ಟು ದೂರ ಅನ್ನುವುದೇ ಮಂಗನ ಕಾಯಿಲೆಯ ಮುಖ್ಯ ಪ್ರಶ್ನೆ, ಅದೂ ಕೆಟ್ಟುಹೋಗುತ್ತದೆ. ಹಾಗಾಗಿ ಜಿಪಿಎಸ್ ಬದಲು ‘ಕಾಡಿನಂಚಿಗೆ ದೂರ: 0–250 ಮೀ., 250–500 ಮೀ.’ ಅಂತ ನೀವೇ ಲೆಕ್ಕ ಹಾಕಿ ಕಾಲಂ ಮಾಡಿಕೊಡಿ. ಮೂಲ ಬಿಂದು ಹೊರಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಬಯಲುಸೀಮೆ_ಬಿಟ್
ದಿನಾಂಕವನ್ನೂ ಹಾಗೇ ಮಾಡಬಹುದಲ್ಲ? ರೋಗಿಗೊಂದರಂತೆ ±15 ದಿನ ಹಿಂದೆ ಮುಂದೆ ತಳ್ಳಿ, ಆ ರೋಗಿಯ ಎಲ್ಲ ದಿನಾಂಕಕ್ಕೂ ಅದೇ ತಳ್ಳು ಹಾಕಿದರೆ ಒಳಗಿನ ಅಂತರ ಉಳಿಯುತ್ತದೆ.

ಚಾರ್ಮಾಡಿ_ತಿರುವು
ಕ್ಯಾನ್ಸರ್ ರಿಜಿಸ್ಟರಿಗೆ ಸರಿ. ಇಲ್ಲಿ ಆಗದು. ಮೊದಲು ಮಂಗ ಸಾಯುತ್ತದೆ, ಅದರ ಮೈಮೇಲಿನ ಉಣ್ಣೆ (ರಕ್ತ ಹೀರುವ ಹುಳ) ಉದುರುತ್ತದೆ, ಆಮೇಲೆ ಜನರಿಗೆ ಜ್ವರ. ಈ ಹಿಂದೆ ಮುಂದೆ ವಾರಗಳ ಲೆಕ್ಕ. 15 ದಿನ ತಳ್ಳಿದರೆ ಮಂಗ ಸಾಯುವ ಮೊದಲೇ ಮನುಷ್ಯನಿಗೆ ಜ್ವರ ಬಂದಂತಾಗುತ್ತದೆ. ವಾರಕ್ಕೆ ಇಳಿಸಬಹುದು, ಅದಕ್ಕಿಂತ ಹೆಚ್ಚು ಕೆಡಿಸಿದರೆ ಆ ಡೇಟಾ ತೆಗೆದುಕೊಂಡು ಸಂಶೋಧಕರು ಮಾಡುವುದಾದರೂ ಏನು?

ಹೇಮಾವತಿ_ದಡ
ಇದೇ ನೋಡಿ ಗಂಟು. ಹೊರಗೆ ಕಳಿಸಲು ಎಷ್ಟು ಕೆಡಿಸಬೇಕೋ ಅಷ್ಟು ಕೆಡಿಸಿದರೆ ಕೆಲಸಕ್ಕೆ ಬರುವುದಿಲ್ಲ. ಕೆಲಸಕ್ಕೆ ಬರುವಷ್ಟು ಉಳಿಸಿದರೆ ಯಾರದೆಂದು ಗೊತ್ತಾಗುತ್ತದೆ. ಅದಕ್ಕೇ ಫೈಲು ಕಳಿಸುವ ಯೋಚನೆ ಬಿಟ್ಟು, ಸಂಶೋಧಕರನ್ನೇ ಡೇಟಾ ಇರುವಲ್ಲಿಗೆ ಕರೆಸಿ. ಬ್ರಿಟನ್ನಿನ ಅಂಕಿಅಂಶ ಕಚೇರಿಯಿಂದ ಬಂದ ‘ಫೈವ್ ಸೇಫ್ಸ್’ ಅನ್ನುವುದು ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ: ಯೋಜನೆ ಸರಿಯೇ, ಜನ ಸರಿಯೇ, ಜಾಗ ಸರಿಯೇ, ಡೇಟಾ ಎಷ್ಟು ಬೇಕೋ ಅಷ್ಟೇ ಇದೆಯೇ, ಹೊರಹೋಗುವ ಫಲಿತಾಂಶ ಸರಿಯೇ. ಒಂದರಲ್ಲಿ ಸಡಿಲ ಬಿಟ್ಟರೆ ಇನ್ನೊಂದರಲ್ಲಿ ಬಿಗಿ ಮಾಡಬೇಕು. ಕೋಣೆ ಬಿಗಿಯಾಗಿದ್ದರೆ ದಿನಾಂಕ ಸರಿಯಾದದ್ದೇ ಇರಲಿ.

ಸರ್ವರ್_ರೂಂ
ನಿಮ್ಮ ಬಜೆಟ್ಟಿಗೆ ಹೀಗೆ ಮಾಡಿ.

ಒಂದೇ ಯಂತ್ರ, ಉಬುಂಟು, ಡಿಸ್ಕ್ ಪೂರ್ತಿ ಲಕ್ಸ್ ಎನ್‌ಕ್ರಿಪ್ಷನ್ (ಪಾಸ್‌ಫ್ರೇಸ್, ಅಂದರೆ ಉದ್ದದ ಪಾಸ್‌ವರ್ಡ್, ಕೊಡದೆ ಓದಲಾಗದಂತೆ ಮಾಡುವುದು). ಅದರ ಮೇಲೆ ಆರ್‌ಸ್ಟುಡಿಯೋ ಸರ್ವರ್ ಮತ್ತು ಜುಪಿಟರ್, ಅಂದರೆ ಡೇಟಾ ಲೆಕ್ಕದ ಕೋಡ್ ಓಡಿಸುವ ಸಾಫ್ಟ್‌ವೇರ್. ಕೋಣೆಯಲ್ಲಿ ಎರಡು ಕುರ್ಚಿ, ಎರಡು ಸಾದಾ ಟರ್ಮಿನಲ್, ಮಧ್ಯೆ ಒಂದು ಸ್ವಿಚ್. ಆ ಸ್ವಿಚ್ಚಿನಿಂದ ಇಂಟರ್ನೆಟ್ಟಿಗೆ ತಂತಿಯೇ ಇರಬಾರದು. ‘ಫೈರ್‌ವಾಲ್‌ನಲ್ಲಿ ಬ್ಲಾಕ್ ಮಾಡಿದ್ದೇವೆ’ ಅಂದರೆ ನಂಬಬೇಡಿ, ಎಂದೋ ಒಂದು ದಿನ ಅಪ್‌ಡೇಟ್‌ಗೆಂದು ತೆಗೆದು ಮರೆಯುತ್ತಾರೆ. ಟರ್ಮಿನಲ್ಲುಗಳ ಯುಎಸ್‌ಬಿ ಯುಎಸ್‌ಬಿಗಾರ್ಡ್ ಸಾಫ್ಟ್‌ವೇರ್‌ನಿಂದ ಬಂದ್, ಬಯೋಸ್‌ಗೆ ಪಾಸ್‌ವರ್ಡ್, ಪ್ರಿಂಟರ್ ಇಲ್ಲ, ಮೊಬೈಲ್ ಬಾಗಿಲ ಹೊರಗಿನ ಲಾಕರಿನಲ್ಲಿ. ಕ್ಯಾಮೆರಾ ಹಾಕುವುದಾದರೆ ಬಾಗಿಲಿಗೆ ಹಾಕಿ. ಕೀಬೋರ್ಡಿನ ಮೇಲೆ ಹಾಕಿದರೆ ಪಾಸ್‌ವರ್ಡ್ ಎಲ್ಲ ರೆಕಾರ್ಡ್ ಆಗುತ್ತದೆ.

ಒಬ್ಬೊಬ್ಬರಿಗೂ ಸ್ವಂತ ಲಾಗಿನ್. ‘ಗೆಸ್ಟ್’ ಲಾಗಿನ್ ಮಾಡಿದಿರೋ ಲಾಗ್ (ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆ) ಇಟ್ಟೂ ಪ್ರಯೋಜನವಿಲ್ಲ. ಪ್ರತಿ ಯೋಜನೆಗೂ ಬೇರೆ ಫೋಲ್ಡರ್, ಅದರಲ್ಲಿ ಆ ಯೋಜನೆ ಕೇಳಿದ ಕಾಲಂಗಳು ಮಾತ್ರ, ಓದಲು ಮಾತ್ರ ಅನುಮತಿ. ಹೆಸರು ಮೊಬೈಲ್ ಇರುವ ಮೂಲ ಫೈಲು ಈ ಯಂತ್ರದಲ್ಲಿ ಇರಲೇಬಾರದು.

ಆರ್ ಭಾಷೆಯ ಪ್ಯಾಕೇಜ್ ಬೇಕು ಅಂತ ಎಲ್ಲರೂ ಕೇಳುತ್ತಾರೆ. ವಾರಕ್ಕೊಮ್ಮೆ ಬೇರೆ ಯಂತ್ರದಲ್ಲಿ ಕ್ರ್ಯಾನ್ ಅನ್ನುವ ಆರ್ ಜಾಲತಾಣದಿಂದ ಇಳಿಸಿ, ಅದಕ್ಕೇ ಮೀಸಲಾದ ಒಂದು ಪೆನ್‌ಡ್ರೈವಿನಲ್ಲಿ ಒಳಗೆ ತನ್ನಿ. ಪೆನ್‌ಡ್ರೈವ್ ಒಳಗೆ ಹೋಗುವುದಕ್ಕೆ ಮಾತ್ರ. ಹೊರಗೆ ಬಂದಾಗಲೆಲ್ಲ ಫಾರ್ಮ್ಯಾಟ್.

ಇನ್ನು ಮಲೆನಾಡಿನ ವಿಚಾರ. ಕರೆಂಟ್ ಹೋಗಿ ಬಂದರೆ ಲಕ್ಸ್ ಯಂತ್ರ ಪಾಸ್‌ಫ್ರೇಸ್ ಕೇಳುತ್ತಾ ಕೂತಿರುತ್ತದೆ. ದಿನಕ್ಕೆ ನಾಲ್ಕು ಸಲ ಹೀಗಾದರೆ ಯಾರೋ ಚೀಟಿ ಬರೆದು ಮಾನಿಟರಿಗೆ ಅಂಟಿಸುತ್ತಾರೆ, ಇಲ್ಲವೇ ಎನ್‌ಕ್ರಿಪ್ಷನ್ನೇ ಬೇಡ ಅನ್ನುತ್ತಾರೆ. ಮೊದಲು ಯುಪಿಎಸ್‌ಗೆ ದುಡ್ಡು ಹಾಕಿ, ಬ್ಯಾಟರಿ ಇಳಿದಾಗ ಯಂತ್ರ ತಾನೇ ಶಟ್‌ಡೌನ್ ಆಗುವಂತೆ ನಟ್ ಸಾಫ್ಟ್‌ವೇರ್ ಹಾಕಿ. ಪಾಸ್‌ಫ್ರೇಸ್ ಇಬ್ಬರಿಗೆ ಗೊತ್ತಿರಲಿ, ಮೂರನೇ ಪ್ರತಿ ಮುಚ್ಚಿದ ಲಕೋಟೆಯಲ್ಲಿ ತಿಜೋರಿಯಲ್ಲಿ. ಎರಡು ಕಟ್ಟಡದ ನಡುವೆ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ; ಮುಂಗಾರಿನ ಮೊದಲ ಸಿಡಿಲಿಗೆ ಸ್ವಿಚ್ ಹೋಗುತ್ತದೆ, ಫೈಬರ್ ಎಳೆಸಿ. ಬ್ಯಾಕಪ್ ಡಿಸ್ಕಿಗೂ ಎನ್‌ಕ್ರಿಪ್ಷನ್ ಇರಲಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಇಡಿ. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಫೈಲು ವಾಪಸ್ ತೆಗೆದು ನೋಡಿ. ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಅನ್ನಬೇಡಿ.

ಕೊಪ್ಪ_ಸೀಮೆ
ಬೆಂಗಳೂರಿನಿಂದ ಬರುವವರು ತಿಂಗಳುಗಟ್ಟಲೆ ಇಲ್ಲಿ ಕೂರಲು ಆಗುತ್ತದೆಯೇ? ಅದೇ ದೊಡ್ಡ ತಕರಾರು.

ಹೇಮಾವತಿ_ದಡ
ಕೂರಬೇಕಿಲ್ಲ. ಡಮ್ಮಿ ಫೈಲು ಕೊಡಿ: ಅದೇ ಕಾಲಂ ಹೆಸರು, ಅದೇ ನಮೂನೆ, ಒಳಗೆ ರ್‍ಯಾಂಡಮ್ ಕಸ. ಪ್ರತಿ ಕಾಲಮ್ಮನ್ನೂ ಬೇರೆ ಬೇರೆಯಾಗಿ ಹಾಗೆ ತುಂಬಿದ್ದಾದರೆ ಸಾಕು. ಕಾಲಂ ಕಾಲಮ್ಮಿನ ಸಂಬಂಧ ಉಳಿಸಿ ‘ನಿಜದಂತೆ’ ಕಾಣುವ ಕೃತಕ ಡೇಟಾ ತಯಾರಿಸಲು ಹೋಗಬೇಡಿ, ಅದರಲ್ಲಿ ನಿಜವಾದ ಅಪರೂಪದ ಸಾಲುಗಳು ನುಸುಳುತ್ತವೆ. ಸಂಶೋಧಕರು ಡಮ್ಮಿಯ ಮೇಲೆ ಮನೆಯಲ್ಲೇ ಕೋಡ್ ಬರೆದು ತಿದ್ದಿಕೊಂಡು, ಇಲ್ಲಿ ಎರಡು ಮೂರು ದಿನ ಓಡಿಸಿ ಹೋಗಬಹುದು. ಇಲ್ಲವೇ ಕೋಡ್ ಕಳಿಸಲಿ, ನೀವೇ ಓಡಿಸಿ. 2020ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಓಪನ್‌ಸೇಫ್ಲಿ ಇದೇ ಕ್ರಮದ್ದು: ರೋಗಿಗಳ ದಾಖಲೆಯನ್ನು ಸಂಶೋಧಕರು ಕಣ್ಣಿಂದ ನೋಡುವುದೇ ಇಲ್ಲ, ಕೋಡ್ ಮಾತ್ರ ಒಳಗೆ ಹೋಗುತ್ತದೆ, ಆ ಕೋಡ್ ಎಲ್ಲರಿಗೂ ತೆರೆದಿರುತ್ತದೆ.

ಬಾಬಾಬುಡನ್_ಬೆಟ್ಟ
ಕೋಣೆಗೆ ಬೀಗ ಹಾಕಿ ಕಿಟಕಿ ತೆರೆದಿಡುವ ಜನ ನಾವು. ನಿಜವಾಗಿ ಸೋರುವುದು ಹೊರಹೋಗುವ ಫಲಿತಾಂಶದಲ್ಲಿ. ಒಂದೊಂದಾಗಿ ಹೇಳುತ್ತೇನೆ.

ಕೋಷ್ಟಕದಲ್ಲಿ 10ಕ್ಕಿಂತ ಕಡಿಮೆ ಇರುವ ಮನೆ (ಸೆಲ್) ಮುಚ್ಚಿ. ಒಂದೇ ಮುಚ್ಚಿದರೆ ಸಾಲದು. ಒಟ್ಟು 31, ಒಂದು ಊರು 14, ಇನ್ನೊಂದು 12, ಮೂರನೆಯದು ನಕ್ಷತ್ರ ಚಿಹ್ನೆ ಅಂದರೆ ಅದು 5 ಅಂತ ಶಾಲೆಯ ಹುಡುಗನೂ ಹೇಳುತ್ತಾನೆ. ಎರಡನೆಯದೊಂದನ್ನೂ ಮುಚ್ಚಬೇಕು ಅಥವಾ ಎಲ್ಲವನ್ನೂ 5ರ ಗುಣಕಕ್ಕೆ ಇಳಿಸಬೇಕು. ಶೇಕಡಾವಾರು ಕೊಟ್ಟರೂ ಎಣಿಕೆ ಹೊರಬರುತ್ತದೆ: ಆರು ಜನರ ಗುಂಪಿನಲ್ಲಿ 16.7% ಅಂದರೆ ಒಬ್ಬರು.

ಎರಡು ಕೋಷ್ಟಕಗಳ ವ್ಯತ್ಯಾಸ ಇನ್ನೂ ಅಪಾಯ. ಒಬ್ಬ ವಿದ್ಯಾರ್ಥಿ ತಾಲ್ಲೂಕಿನ ಎಲ್ಲ ವಯಸ್ಸಿನವರು 43 ಅಂತ ತೆಗೆದುಕೊಂಡ, ಇನ್ನೊಬ್ಬಳು 18 ದಾಟಿದವರು 41 ಅಂತ. ಎರಡೂ ಒಂಟಿಯಾಗಿ ಸರಿ. ಕಳೆದರೆ ಇಬ್ಬರು ಮಕ್ಕಳು. ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ವಿಶೇಷವಾಗಿ ಇನ್ನೊಂದಿದೆ: ಕಳಸ ಮೂಡಿಗೆರೆಯಿಂದ ಒಡೆದದ್ದು, ಅಜ್ಜಂಪುರ ತರೀಕೆರೆಯಿಂದ. ಒಬ್ಬರು ಹಳೇ ಗಡಿಯ ಮೂಡಿಗೆರೆ, ಇನ್ನೊಬ್ಬರು ಹೊಸ ಗಡಿಯ ಮೂಡಿಗೆರೆ ಬಳಸಿದರೆ, ಕಳೆದಾಗ ಯಾರೂ ಕೇಳದ ಕಳಸದ ಸಂಖ್ಯೆ ಬಂದು ಕೂರುತ್ತದೆ. ಆದ್ದರಿಂದ ಹೊರಹೋದ ಪ್ರತಿ ಕೋಷ್ಟಕದ ಪ್ರತಿ ಇಟ್ಟುಕೊಳ್ಳಿ, ಗಡಿ ಯಾವುದೆಂದು ಮೊದಲೇ ಒಂದನ್ನು ನಿಗದಿ ಮಾಡಿ.

ಗರಿಷ್ಠ ಕನಿಷ್ಠ ಕೊಡಬೇಡಿ. ‘ಗರಿಷ್ಠ ವಯಸ್ಸು 94’ ಅಂದರೆ ಆ ಅಜ್ಜಿ ಯಾರೆಂದು ಇಡೀ ಹೋಬಳಿಗೆ ಗೊತ್ತು. ಬಾಕ್ಸ್‌ಪ್ಲಾಟಿನ ಹೊರಗೆ ಬಿದ್ದ ಚುಕ್ಕಿಗಳು, ರೆಸಿಡ್ಯುಯಲ್ ಚಿತ್ರ, ಬಿಂದು ಹಾಕಿದ ನಕ್ಷೆ, ಎಲ್ಲದರಲ್ಲೂ ಒಂದು ಚುಕ್ಕಿ ಅಂದರೆ ಒಬ್ಬ ಮನುಷ್ಯ. ದಿನ ಕಳೆದಂತೆ ಎಷ್ಟು ಜನ ಬದುಕುಳಿದರು ಅಂತ ತೋರಿಸುವ ಕಪ್ಲಾನ್–ಮೈಯರ್ ರೇಖೆಯ ಪ್ರತಿ ಮೆಟ್ಟಿಲೂ ಒಂದು ಸಾವು ಆಗಬಹುದು, ದಿನದ ಬದಲು ತಿಂಗಳ ಲೆಕ್ಕಕ್ಕೆ ಎಳೆಸಿ.

ಬಹಳ ಜನಕ್ಕೆ ಗೊತ್ತಿಲ್ಲದ್ದು: ಆರ್‌ನಲ್ಲಿ ಎಲ್‌ಎಂ ಅಥವಾ ಜಿಎಲ್‌ಎಂ ಅನ್ನುವ ರಿಗ್ರೆಷನ್ ಲೆಕ್ಕ ಮಾಡಿ ಆ ಆಬ್ಜೆಕ್ಟನ್ನು ಆರ್‌ಡಿಎಸ್ ಫೈಲಾಗಿ ಉಳಿಸಿದರೆ, ಅದರೊಳಗೆ ‘ಮಾಡೆಲ್’ ಅನ್ನುವ ಹೆಸರಿನಲ್ಲಿ ಬಳಸಿದ ಸಾಲುಗಳೆಲ್ಲ ಹಾಗೇ ಇರುತ್ತವೆ. ಚಿತ್ರ ಬರೆಯುವ ಜಿಜಿಪ್ಲಾಟ್ ಆಬ್ಜೆಕ್ಟಿನಲ್ಲೂ ಡೇಟಾ ಇರುತ್ತದೆ. ಎಸ್‌ವಿಎಂ ಅನ್ನುವ ವರ್ಗೀಕರಣ ಮಾಡೆಲಿನ ಸಪೋರ್ಟ್ ವೆಕ್ಟರುಗಳು ಅಂದರೆ ರೋಗಿಗಳ ಸಾಲುಗಳೇ. ಎಕ್ಸೆಲ್ ಪಿವಟ್ ಟೇಬಲ್ ಹೊರಗಿನಿಂದ ಬರಿ ಮೊತ್ತ ತೋರಿಸಿದರೂ ಒಳಗೆ ಮೂಲ ಡೇಟಾದ ನಕಲು ಹೊತ್ತಿರುತ್ತದೆ. 2023ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಪೊಲೀಸರು ಮಾಹಿತಿ ಹಕ್ಕಿನ ಉತ್ತರವಾಗಿ ಎಕ್ಸೆಲ್ ಕೊಟ್ಟಾಗ ಮರೆಯಲ್ಲಿದ್ದ ಒಂದು ಶೀಟಿನಿಂದ ಸುಮಾರು 9,500 ಸಿಬ್ಬಂದಿಯ ವಿವರ ಹೊರಬಿತ್ತು, ಆಮೇಲೆ ಏಳೂವರೆ ಲಕ್ಷ ಪೌಂಡ್ ದಂಡ. ಹಾಗಾಗಿ ಹೊರಗೆ ಬಿಡುವುದು ಸಿಎಸ್‌ವಿ, ಪಿಎನ್‌ಜಿ, ಸಾದಾ ಪಠ್ಯ ಮಾತ್ರ. ಆರ್‌ಡಿಎಸ್, ಪೈಥಾನಿನ ಪಿಕಲ್, ಎಕ್ಸೆಲ್, ಜುಪಿಟರ್ ನೋಟ್‌ಬುಕ್ ಬಂದ್.

ತಪಾಸಣೆ ಇಬ್ಬರು ಮಾಡಲಿ, ಒಬ್ಬರಿಗಾದರೂ ಅಂಕಿಅಂಶ ಗೊತ್ತಿರಲಿ. ಮೂರು ಕೆಲಸದ ದಿನ ಅಂತ ಮೊದಲೇ ಹೇಳಿಬಿಡಿ. ‘ಸಮ್ಮೇಳನ ನಾಳೆ ಇದೆ ಸರ್’ ಅನ್ನುವ ಶುಕ್ರವಾರ ಸಂಜೆಯ ಫೋನಿಗೆ ಕರಗಬೇಡಿ.

ಬಯಲುಸೀಮೆ_ಬಿಟ್
ಷರಾ ಕಾಲಮ್ಮನ್ನು ಪೈಥಾನ್‌ನಲ್ಲಿ ಹೆಸರು ಹುಡುಕಿ ಅಳಿಸಿದರೆ ಆಗುತ್ತದೆಯೇ?

ಚಾರ್ಮಾಡಿ_ತಿರುವು
ಇಂಗ್ಲಿಷಿಗೆ ಮಾಡಿದ ಉಪಕರಣಗಳು ಇಲ್ಲಿ ಕೈ ಕೊಡುತ್ತವೆ. ‘ಮಂಜು ಬಿದ್ದಿತ್ತು’ ಅಂದರೆ ಹವಾಮಾನ, ‘ಮಂಜು ಬಿದ್ದಿದ್ದ’ ಅಂದರೆ ರೋಗಿ. ಬೆಳ್ಳಿ, ಸೋಮ, ಸಂಪಿಗೆ, ಎಲ್ಲ ಹೆಸರೂ ಹೌದು, ಪದವೂ ಹೌದು. ಅದೇ ಮಂಜುನಾಥ ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರದಲ್ಲಿ ಮೂರು ಕಾಗುಣಿತದಲ್ಲಿ ಇರುತ್ತಾನೆ. ಹೆಸರೇ ಇಲ್ಲದೆ ‘ಆಶಾ ಕಾರ್ಯಕರ್ತೆಯ ಅತ್ತೆ’, ‘ಪಟೇಲರ ಮನೆ ಹಿಂದಿನ ಲೈನಿನವರು’ ಅಂತ ಬರೆದಿರುತ್ತಾರೆ. ಇದನ್ನು ಯಾವ ಸಾಫ್ಟ್‌ವೇರೂ ಹಿಡಿಯದು. ಷರಾ ಕಾಲಮ್ಮನ್ನು ಕೊಡಲೇಬೇಡಿ. ಒಬ್ಬರು ಕೂತು ಓದಿ, ‘ಕಾಡಿಗೆ ಹೋಗಿದ್ದರೇ, ದರಗು (ಉದುರಿದ ಒಣ ಎಲೆ) ತರಲು ಹೋಗಿದ್ದರೇ, ಸತ್ತ ಮಂಗ ಕಂಡಿತ್ತೇ’ ಅಂತ ಹೌದು–ಇಲ್ಲ ಕಾಲಂಗಳಾಗಿ ಮಾಡಲಿ. ಸಂಶೋಧಕರಿಗೆ ಬೇಕಾದದ್ದೂ ಅದೇ.

ಇನ್ನೊಂದು ಮಾತು. ಗುಂಪಿನಲ್ಲಿ ಹತ್ತು ಜನ ಇದ್ದು ಹತ್ತೂ ಪಾಸಿಟಿವ್ ಆದರೆ ‘10ಕ್ಕಿಂತ ಕಡಿಮೆ ಇದ್ದರೆ ಮುಚ್ಚಿ’ ನಿಯಮ ಪಾಲಿಸಿಯೂ ಎಲ್ಲರ ಗುಟ್ಟು ಬಯಲು. 100% ಮತ್ತು 0% ಮನೆಗಳನ್ನೂ ನೋಡಿ. ಹಾಡಿಯ ಹೆಸರು, ತೋಟದ ಹೆಸರು ಪ್ರಬಂಧದಲ್ಲಿ ಬರಕೂಡದು ಅಂತ ಒಪ್ಪಂದದಲ್ಲೇ ಬರೆಯಿಸಿ. ಒಬ್ಬ ವ್ಯಕ್ತಿಯೂ ಗುರುತಾಗದೆ ಇಡೀ ಹಾಡಿಗೆ ‘ಮಂಗನ ಕಾಯಿಲೆ ಊರು’ ಅನ್ನುವ ಹೆಸರು ಅಂಟಿದರೆ ಅಲ್ಲಿನವರನ್ನು ಕೆಲಸಕ್ಕೆ ಕರೆಯುವುದು ನಿಲ್ಲುತ್ತದೆ.

ಹೇಮಾವತಿ_ದಡ
ಕಾನೂನು ಚಿಕ್ಕದಾಗಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17(2)(ಬಿ) ಸಂಶೋಧನೆಗೆ ವಿನಾಯಿತಿ ಕೊಡುತ್ತದೆ, ಎರಡು ಷರತ್ತಿನ ಮೇಲೆ: ಆ ಡೇಟಾದಿಂದ ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಮಾಡಬಾರದು, ನಿಯಮಗಳಲ್ಲಿ ಹೇಳಿದ ಮಾನದಂಡ ಪಾಲಿಸಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಹಂತ ಹಂತವಾಗಿ ಜಾರಿ. ಸುರಕ್ಷತಾ ಕ್ರಮ ತಪ್ಪಿದರೆ ದಂಡ 250 ಕೋಟಿಯವರೆಗೆ. ಸೈಬರ್ ಘಟನೆಯಾದರೆ 6 ಗಂಟೆಯೊಳಗೆ ತಿಳಿಸಬೇಕು, ಲಾಗ್ 180 ದಿನ ಇಡಬೇಕು ಅನ್ನುವುದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನ. ಹೊಸ ನಿಯಮದಂತೆ ಲಾಗ್ ಒಂದು ವರ್ಷ, ಹಾಗಾಗಿ ಈಗಲೇ ಒಂದು ವರ್ಷ ಇಡಿ.

ಸಂಶೋಧನೆಯ ನೈತಿಕತೆ ನೋಡುವ ಎಥಿಕ್ಸ್ ಸಮಿತಿ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 7ರಿಂದ 15 ಸದಸ್ಯರು, ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ಹಳೆಯ ರಿಜಿಸ್ಟರಿನ ರೋಗಿಗಳಿಂದ ಹೊಸದಾಗಿ ಒಪ್ಪಿಗೆ ಪಡೆಯಲು ಆಗದಿದ್ದರೆ ಅದಕ್ಕೆ ವಿನಾಯಿತಿ ಕೊಡುವುದು ಈ ಸಮಿತಿ. ನೀವೂ ಅಲ್ಲ, ಸಂಶೋಧಕರ ಗೈಡೂ ಅಲ್ಲ.

ಆನೆದಾರಿ_ಸಕಲೇಶಪುರ
ರೋಗಿಗಳ ಮಾತಿನ ನಡುವೆ ಒಂದು ಪ್ರಶ್ನೆ. ರೇಡಿಯೋ ಕಾಲರ್ ಹಾಕಿದ ಆನೆಗಳ ಜಾಡಿನ ಡೇಟಾಕ್ಕೂ ಇದೇ ಕ್ರಮವೇ?

ಬಾಬಾಬುಡನ್_ಬೆಟ್ಟ
ಅಲ್ಲಿ ಅಪಾಯ ಸಮಯದ್ದು. ಈಗ ಆನೆ ಎಲ್ಲಿದೆ ಅನ್ನುವುದು ಬೇಟೆಯವನಿಗೆ ಬೇಕು. ಎರಡು ವರ್ಷದ ಹಿಂದೆ ಎಲ್ಲಿತ್ತು ಅನ್ನುವುದು ಅಷ್ಟಾಗಿ ಬೇಡ. 2013ರಲ್ಲಿ ಮಧ್ಯಪ್ರದೇಶದ ಪನ್ನಾದ ಒಂದು ಹುಲಿಯ ಕಾಲರ್ ಮಾಹಿತಿ ಬರುತ್ತಿದ್ದ ಇಮೇಲ್ ಖಾತೆಗೆ ನುಗ್ಗುವ ಪ್ರಯತ್ನ ವರದಿಯಾಗಿತ್ತು. ಸಂಶೋಧಕರಿಗೆ ತಡಮಾಡಿ ನಿಖರ ಬಿಂದು ಕೊಡಿ. ಊರವರಿಗೆ ತಕ್ಷಣ ತಿಳಿಸಬೇಕು, ಆದರೆ ಊರಿನ ಹೆಸರಿನ ಮಟ್ಟದಲ್ಲಿ. ‘ಗೌಪ್ಯ’ ಅಂತ ಹೇಳಿ ಬೆಳಗ್ಗೆ ತೋಟಕ್ಕೆ ಹೋಗುವ ಹೆಂಗಸರಿಗೆ ಎಚ್ಚರಿಕೆ ಕೊಡದೆ ಇರುವುದು ಮಾತ್ರ ಒಪ್ಪತಕ್ಕದ್ದಲ್ಲ. ಅಪರೂಪದ ಸೀತಾಳೆ ಹೂವಿನ ಜಾಗವಾದರೆ ತಡಮಾಡಿದರೂ ಉಪಯೋಗವಿಲ್ಲ, ಗಿಡ ಎದ್ದು ಹೋಗುವುದಿಲ್ಲವಲ್ಲ, ಅದನ್ನು 0.1 ಡಿಗ್ರಿಗೆ, ಅಂದರೆ ಸುಮಾರು 11 ಕಿಲೋಮೀಟರಿಗೆ ಇಳಿಸಿ.

ಕೊಪ್ಪ_ಸೀಮೆ
ಎಲ್ಲರಿಗೂ ವಂದನೆ. ಕೊನೆಯದು: ಯೋಜನೆ ಮುಗಿದ ಮೇಲೆ ಏನು ಮಾಡಬೇಕು? ಫೋಲ್ಡರ್ ಅಳಿಸಿದರೆ ಆಯಿತೇ?

ಸರ್ವರ್_ರೂಂ
ಲಾಗಿನ್‌ಗೆ ಮೊದಲೇ ಮುಕ್ತಾಯದ ದಿನ ಹಾಕಿ. ಉಬುಂಟುವಿನಲ್ಲಿ ಅದು ಒಂದು ಸಾಲಿನ ಆಜ್ಞೆ. ಮುಗಿದ ದಿನ ಲಾಗಿನ್ ತಾನೇ ಮುಚ್ಚುತ್ತದೆ, ಮುಂದುವರಿಸಬೇಕಾದರೆ ಅವರೇ ಕೇಳಿಕೊಂಡು ಬರುತ್ತಾರೆ. ಕೋಡ್ ಮತ್ತು ಹೊರಹೋದ ಫಲಿತಾಂಶದ ಪ್ರತಿ ಉಳಿಸಿ, ಸಂಶೋಧನಾ ಪತ್ರಿಕೆಯವರು ಪ್ರಶ್ನೆ ಕೇಳಿದಾಗ ಬೇಕಾಗುತ್ತದೆ. ಡೇಟಾದ ತುಂಡನ್ನು ಅಳಿಸಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ನಿಜವಾಗಿ ಅಳಿಯುವುದಿಲ್ಲ, ಮೇಲೆ ಮೇಲೆ ಬರೆದರೂ ಹಳೆಯ ತುಂಡು ಎಲ್ಲೋ ಉಳಿದಿರಬಹುದು. ಅದಕ್ಕೇ ಪ್ರತಿ ಯೋಜನೆಗೂ ಬೇರೆ ಲಕ್ಸ್ ವಾಲ್ಯೂಮ್ ಮಾಡಿ, ಮುಗಿದಾಗ ಅದರ ಕೀ ಸ್ಲಾಟುಗಳನ್ನು (ಬೀಗದ ಕೀ ಇರುವ ಜಾಗಗಳನ್ನು) ಅಳಿಸಿಬಿಡಿ. ಸಾಮಾನ್ಯವಾಗಿ ಒಳಗಿನದು ಓದಲಾಗದ ಕಸವಾಗುತ್ತದೆ. ಹೆಡರಿನ (ಆ ಕೀ ಸ್ಲಾಟುಗಳಿರುವ ಮುಂಭಾಗದ) ಬ್ಯಾಕಪ್ ತೆಗೆದಿಟ್ಟಿದ್ದರೆ ಅದನ್ನೂ ಹುಡುಕಿ ಅಳಿಸಿ, ಇಲ್ಲದಿದ್ದರೆ ಹಳೇ ಪಾಸ್‌ಫ್ರೇಸ್‌ನಿಂದ ಮತ್ತೆ ತೆರೆಯುತ್ತದೆ. ಬ್ಯಾಕಪ್ ಡಿಸ್ಕಿನಲ್ಲಿರುವ ಪ್ರತಿ ಮರೆಯಬೇಡಿ.